ಕಂಪನಿ ಗುಂಪಿಗೆ ಒಂದೇ ತೆರಿಗೆ ರಿಟರ್ನ್: ಬೆಳಗಾವಿ, ಖಾನಾಪುರದಿಂದ ನೋಡಿದಾಗ

ಬೆಳಗಾವಿಯ ಯಮನಾಪುರದ ಅಲ್ಯೂಮಿನಾ ಕಾರ್ಖಾನೆ ಮೂಲತಃ ಇಂಡಿಯನ್ ಅಲ್ಯೂಮಿನಿಯಂ ಕಂಪನಿಯದು. ಊರಿನವರಿಗೆ ಅದು ಇಂಡಾಲ್. 2000ದಲ್ಲಿ ಕೆನಡಾದ ಅಲ್ಕಾನ್ ತನ್ನ ಪಾಲನ್ನು ಹಿಂಡಾಲ್ಕೊಗೆ ಮಾರಿತು. ಹಿಂಡಾಲ್ಕೊದ ಹಿಡಿತ ಶೇ. 74.6ಕ್ಕೆ ಮುಟ್ಟಿ, ಮುಂದೆ ಶೇ. 96ನ್ನು ದಾಟಿತು. ಲೆಕ್ಕಪತ್ರ ಮಾನದಂಡ 21ರ ಪ್ರಕಾರ ಷೇರುದಾರರ ಮುಂದಿಡುವ ಲೆಕ್ಕದಲ್ಲಿ ಮಾತೃಸಂಸ್ಥೆ, ಅಂಗಸಂಸ್ಥೆ ಎರಡೂ ಒಂದಾಗಿ ಕಾಣಿಸಬೇಕು. ಆದಾಯ ತೆರಿಗೆ ಇಲಾಖೆಗೆ ಮಾತ್ರ ಅವು ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ರಿಟರ್ನ್‌ಗಳು. 2005ರಲ್ಲಿ, ಆಗಿನ ಆಂಧ್ರಪ್ರದೇಶದ ಕೊಲ್ಲೂರು ಫಾಯಿಲ್ ಘಟಕವನ್ನು ಬಿಟ್ಟು, ಇಂಡಾಲ್‌ನ ಉಳಿದೆಲ್ಲ ವ್ಯವಹಾರ ಹಿಂಡಾಲ್ಕೊದಲ್ಲಿ ವಿಲೀನವಾಯಿತು. ಆ ವಿಲೀನಕ್ಕೆ ತೆರಿಗೆಯೇ ಕಾರಣವೆಂಬುದು ಈ ಲೇಖನದ ವಾದವಲ್ಲ. ಒಡೆತನ ಎಷ್ಟೇ ಗಾಢವಾಗಿದ್ದರೂ, ಕಂಪನಿಯ ಅಸ್ತಿತ್ವವೇ ಅಳಿಯುವ ಅಥವಾ ವ್ಯವಹಾರವೇ ಕೈಬದಲಾಗುವ ತನಕ ನಮ್ಮ ಕಾಯ್ದೆ ತೆರಿಗೆ ಲೆಕ್ಕವನ್ನು ಕೂಡಿಸುವುದಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಎಲ್ಲೆಡೆ ಹೀಗಿಲ್ಲ: ಅಮೆರಿಕದಲ್ಲಿ 1917ರಿಂದಲೂ ಇಡೀ ಕಂಪನಿ ಗುಂಪಿಗೆ ಒಂದೇ ಲೆಕ್ಕ ಕೊಡುವ ಏಕೀಕೃತ ರಿಟರ್ನ್ ಪದ್ಧತಿಯಿದೆ. ಈಗ ಅಲ್ಲಿನ ಮಿತಿ ಶೇ. 80ರ ಒಡೆತನ. ಬ್ರಿಟನ್ನಿನಲ್ಲಿ ಶೇ. 75 ಒಡೆತನವಿದ್ದರೆ ಒಂದರ ನಷ್ಟವನ್ನು ಇನ್ನೊಂದಕ್ಕೆ ಬಿಟ್ಟುಕೊಡಬಹುದು. ಈ ಎರಡೂ ಅಳತೆಗಳಲ್ಲಿ 74.6 ಸೋಲುತ್ತದೆ, ಬ್ರಿಟನ್ನಿನದರಲ್ಲಿ ಕೂದಲೆಳೆಯಷ್ಟರಲ್ಲಿ; 96 ನಿಸ್ಸಂದೇಹವಾಗಿ ಗೆಲ್ಲುತ್ತದೆ. ನಮ್ಮಲ್ಲಿ ಎರಡಕ್ಕೂ ಉತ್ತರ ಒಂದೇ.

ಈಗ ಖಾನಾಪುರದತ್ತ ಬರೋಣ. ಹೆಂಚಿನ ಭಟ್ಟಿ ಮತ್ತು ಅಂಗಡಿ ಎರಡನ್ನೂ ನಡೆಸುವ ಒಂದು ಅವಿಭಕ್ತ ಕುಟುಂಬವನ್ನು ಕಲ್ಪಿಸಿಕೊಳ್ಳಿ. 1961ರ ಆದಾಯ ತೆರಿಗೆ ಕಾಯ್ದೆಯ 2(31)ನೇ ಕಲಮು ಹಿಂದೂ ಅವಿಭಕ್ತ ಕುಟುಂಬವನ್ನು ಒಬ್ಬ 'ವ್ಯಕ್ತಿ' ಎಂದೇ ಎಣಿಸುತ್ತದೆ. ಭಟ್ಟಿಯ ನಷ್ಟ ಅಂಗಡಿಯ ಲಾಭದಲ್ಲಿ ವಜಾ ಆಗುತ್ತದೆ. ಸದಸ್ಯರು ಪಡೆಯುವ ಪಾಲಿಗೆ ಮತ್ತೆ ತೆರಿಗೆಯಿಲ್ಲ. ಅದೇ ಮನೆತನ ಬ್ಯಾಂಕ್ ಸಾಲದ ಅನುಕೂಲಕ್ಕೆಂದು ಎರಡು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರೆ? ಒಂದಕ್ಕೆ 1 ಕೋಟಿ ನಷ್ಟ, ಇನ್ನೊಂದಕ್ಕೆ 1 ಕೋಟಿ ಲಾಭ ಎನ್ನೋಣ. ಒಟ್ಟು ಗಳಿಕೆ ಸೊನ್ನೆ. ಆದರೂ 115ಬಿಎಎ ಕಲಮಿನ ಶೇ. 22, ಅದರ ಮೇಲಿನ ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಸುಮಾರು 25.17 ಲಕ್ಷ ರೂಪಾಯಿ ಕಟ್ಟಬೇಕು. ನಷ್ಟದ ಕಂಪನಿ ತನ್ನ ಭಾರವನ್ನು 8 ವರ್ಷ ಹೊತ್ತು, ಸ್ವಂತ ಲಾಭಕ್ಕಾಗಿ ಕಾಯಬೇಕು. ಕಲ್ಯಾಣದ ವಿಜ್ಞಾನೇಶ್ವರನ ಧರ್ಮಶಾಸ್ತ್ರ ವ್ಯಾಖ್ಯಾನವಾದ ಮಿತಾಕ್ಷರದಲ್ಲಿ ಬೇರೂರಿದ ಕುಟುಂಬಕ್ಕೆ ಒಪ್ಪಿಕೊಂಡ ಏಕತೆಯನ್ನು ಅದೇ ಕುಟುಂಬದ ಕಂಪನಿಗಳಿಗೆ ನಿರಾಕರಿಸುವುದು ನನಗೆ ಅಸಂಗತವಾಗಿ ತೋರುತ್ತದೆ.

ವಿಲೀನದ ದಾರಿ ತೆರೆದೇ ಇದೆ, ಆದರೆ ಇಕ್ಕಟ್ಟಾದದ್ದು. ವಿಲೀನವಾದ ಕಂಪನಿಯ ನಷ್ಟವನ್ನು ವಜಾ ಮಾಡಿಕೊಳ್ಳಲು ಬಿಡುವ 72ಎ ಕಲಮಿನ ಪ್ರಯೋಜನ ಬೇಕಾದರೆ ಕೈಗಾರಿಕಾ ಘಟಕದ ವ್ಯವಹಾರವನ್ನು ಐದು ವರ್ಷ ಮುಂದುವರಿಸಬೇಕು, ಸ್ಥಿರಾಸ್ತಿಯ ಮುಕ್ಕಾಲು ಪಾಲನ್ನೂ ಅಷ್ಟೇ ಕಾಲ ಉಳಿಸಿಕೊಳ್ಳಬೇಕು. ದೊಡ್ಡ ಸಮೂಹಗಳು ಇದನ್ನು ನಿಭಾಯಿಸುತ್ತವೆ. ಬೆಳಗಾವಿಯ ಉದ್ಯಮಬಾಗದ ಸಣ್ಣ ಫೌಂಡ್ರಿಗೆ ವಕೀಲರ ವೆಚ್ಚವೇ ಹೊರೆ.

ಗುಂಪೆಂಬ ಕಲ್ಪನೆ ಕಾಯ್ದೆಗೆ ಪೂರ್ತಿ ಅಪರಿಚಿತವೂ ಅಲ್ಲ. 80ಎಂ ಕಲಮು, ಅಂಗಸಂಸ್ಥೆಯಿಂದ ಬಂದ ಲಾಭಾಂಶವನ್ನು ತನ್ನ ಷೇರುದಾರರಿಗೆ ದಾಟಿಸಿದಷ್ಟರ ಮಟ್ಟಿಗೆ ಮಾತೃಸಂಸ್ಥೆಗೆ ರಿಯಾಯಿತಿ ಕೊಡುತ್ತದೆ. ಮಾತೃಸಂಸ್ಥೆ ತನ್ನ ಶೇ. 100 ಒಡೆತನದ ಭಾರತೀಯ ಅಂಗಸಂಸ್ಥೆಗೆ ಬಂಡವಾಳ ಆಸ್ತಿ ವರ್ಗಾಯಿಸಿದರೆ 47ನೇ ಕಲಮಿನಂತೆ ತೆರಿಗೆ ಬೀಳುವುದಿಲ್ಲ. 8 ವರ್ಷದೊಳಗೆ ಆ ನಂಟು ಕಡಿದರೆ 47ಎ ಕಲಮು ವಿನಾಯಿತಿಯನ್ನು ಹಿಂಪಡೆಯುತ್ತದೆ. ಇಲ್ಲಿ ಹೇಳಿದ ಕಲಮುಗಳೆಲ್ಲ 1961ರ ಕಾಯ್ದೆಯವು; 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಏಕೀಕೃತ ರಿಟರ್ನ್‌ಗೆ ಎಡೆ ಕೊಟ್ಟಿಲ್ಲ. ಬೊಕ್ಕಸದ ಆತಂಕ ಸುಳ್ಳಲ್ಲ: ನಷ್ಟದ ಕಂಪನಿಗಳನ್ನು ತೆರಿಗೆ ಉಳಿಸಲೆಂದೇ ಕೊಳ್ಳುವ ಪ್ರವೃತ್ತಿ ಬೆಳೆಯಬಹುದು. ಆದ್ದರಿಂದ ಶೇ. 100 ಒಡೆತನದ ದೇಶೀಯ ಅಂಗಸಂಸ್ಥೆಗಳಿಗೆ ಮಾತ್ರ, ಗುಂಪಿಗೆ ಸೇರಿದ ನಂತರ ಹುಟ್ಟಿದ ನಷ್ಟಕ್ಕೆ ಮಾತ್ರ, ಐಚ್ಛಿಕವಾಗಿ ಏಕೀಕೃತ ರಿಟರ್ನ್ ಪದ್ಧತಿಯನ್ನು ಆರಂಭಿಸಬೇಕು; ಹಿಂಪಡೆಯುವ ನಿಯಮವನ್ನು 47ಎ ಕಲಮಿನಿಂದಲೇ ಎರವಲು ಪಡೆಯಬಹುದು.