ನಮ್ಮ ಎರೆ ಹೊಲಕ್ಕೆ ಸೋಯಾ ಬಂದ ಬಗೆ



ಭಾಲ್ಕಿ, ಔರಾದ ಕಡೆಯ ಹಿರಿಯರನ್ನು ಕೇಳಿದರೆ ಮುಂಗಾರಿ ಅಂದ್ರೆ ಉದ್ದು, ಹೆಸರು, ತೊಗರಿ, ಜ್ವಾಳ ಅಂತಲೇ ಹೇಳುತ್ತಾರೆ. ಸೋಯಾ ಆಮೇಲೆ ಬಂದದ್ದು. 1960ರ ದಶಕದಲ್ಲಿ ಜಬಲಪುರ ಮತ್ತು ಪಂತನಗರದ ಕೃಷಿ ವಿಶ್ವವಿದ್ಯಾಲಯಗಳು ಇದರ ಪ್ರಯೋಗ ನಡೆಸಿದವು. ಬೆಳೆ ಮಾಳವದಲ್ಲಿ ಬೇರೂರಿ, ಮರಾಠವಾಡಕ್ಕೆ ಹಬ್ಬಿ, ನಮ್ಮ ಎರೆ ಭೂಮಿಗೂ ಬಂತು. ಲಾತೂರ, ಉದಗೀರದ ಪೇಟೆ ಹತ್ತಿರವಿದ್ದದ್ದೂ ಅನುಕೂಲವಾಯಿತು. ಇಂದು ರಾಜ್ಯದಲ್ಲಿ ಸೋಯಾ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಬೀದರ ಒಂದು.

1994ರಲ್ಲಿ ಜಬಲಪುರದಿಂದ ಬಿಡುಗಡೆಯಾದ ಜೆ.ಎಸ್. 335 ತಳಿ ಮನೆಮಾತಾಯಿತು. ಇದು 95ರಿಂದ 100 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅನಂತರ ಬಂದ ಜೆ.ಎಸ್. 93-05 ಸುಮಾರು 90 ದಿನದ್ದು. ಅದರ ಕಾಯಿಯಲ್ಲಿ ನಾಲ್ಕು ಕಾಳು ಸಿಗುವುದುಂಟು. ಜೆ.ಎಸ್. 95-60 ಇನ್ನೂ ಬೇಗ, 82ರಿಂದ 88 ದಿನದೊಳಗೆ.

ಹತ್ತು ಹದಿನೈದು ದಿನದಾಗ ಏನು ಬಂತು ಅನ್ನಬೇಡಿ. ಹೊಲ ಬೇಗ ಖಾಲಿಯಾದರೆ ಎರೆಯ ಹಸಿ ಆರುವ ಮೊದಲೇ ಕಡ್ಲಿ ಬಿತ್ತಬಹುದು. ಒಂದೇ ಹೊಲದಲ್ಲಿ ಎರಡು ಬೆಳೆ! ಆದರೆ ಕುಂದೂ ಉಂಟು. ಬೇಗ ಮಾಗಿದ ಬೆಳೆ ಸೆಪ್ಟೆಂಬರ್ ಮಳೆಗೆ ಸಿಕ್ಕರೆ ಕಾಳು ಕಪ್ಪಾಗುತ್ತದೆ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಚೇತರಿಸಿಕೊಳ್ಳಲು ಅದಕ್ಕೆ ದಿನಗಳೇ ಇರುವುದಿಲ್ಲ. ಆದ್ದರಿಂದ ಇದ್ದ ಹೊಲಕ್ಕೆಲ್ಲ ಒಂದೇ ತಳಿ ಬಿತ್ತದೆ, ಅರ್ಧ ಬೇಗದ್ದು, ಅರ್ಧ ತಡದ್ದು ಇಡುವುದು ಜಾಣತನ.

ಎಲ್ಲಕ್ಕಿಂತ ದೊಡ್ಡ ಮಾತು ಬೀಜದ್ದು. 2020ರಲ್ಲಿ ನೆರೆಯ ಮರಾಠವಾಡದಲ್ಲಿ ಬೀಜ ಮೊಳೆಯಲಿಲ್ಲವೆಂದು ಸಾವಿರಾರು ರೈತರು ದೂರು ಕೊಟ್ಟರು. ಬಿತ್ತಿದ್ದು ಹುಟ್ಟದಿದ್ದರೆ ಬೀಜದ ಹಣವೂ ಹೋಗುತ್ತದೆ, ಹದವೂ ಹೋಗುತ್ತದೆ. ಸಾಲ ಮಾತ್ರ ಉಳಿಯುತ್ತದೆ. ಸೋಯಾ ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಳ್ಳೆ ಹೊಲದ ಕಾಳನ್ನೇ ಮುಂದಿನ ವರ್ಷ ಬೀಜ ಮಾಡಬಹುದು. ಆದರೆ ಸಿಪ್ಪೆ ಬಲು ತೆಳು. ರಾಶಿ ಯಂತ್ರ ಜೋರಾಗಿ ಓಡಿಸಿದರೆ, ಚೀಲ ಎತ್ತಿ ಒಗೆದರೆ ಒಳಗಿನ ಮೊಳಕೆಗೇ ಪೆಟ್ಟು. ಬಿತ್ತುವ ಮುಂಚೆ 100 ಕಾಳು ಎಣಿಸಿ, ಒದ್ದೆ ಗೋಣಿ ತಟ್ಟಿನಲ್ಲಿ ಸುತ್ತಿಡಿ. 70 ಮೊಳೆತರೆ ಬೀಜ. ಅದಕ್ಕೂ ಬಹಳ ಕಡಿಮೆಯಾದರೆ ಅದು ಪೇಟೆಗೆ ಹೋಗುವ ಕಾಳು.

ಸಂಘ ಹುಟ್ಟಿದ್ದು ರೈತನಿಗೆ ಹೊತ್ತಿಗೆ ಸಾಲ, ಹೊತ್ತಿಗೆ ಬೀಜ ಸಿಗಲೆಂದು. ಬೆಳ್ಳಿ ಹಬ್ಬದ ಈ ವರ್ಷ ಊರಿನ ಬೀಜ ಊರಲ್ಲೇ ಉಳಿಸುವ ಕೆಲಸಕ್ಕೆ ಸದಸ್ಯರೆಲ್ಲ ಕೈಜೋಡಿಸಬೇಕೆಂದು ವಿನಂತಿ.