38 ದಿನ ಬದುಕಿದ ಕಣ್ಣು

ನೂರಾರು ಗ್ಯಾಲಕ್ಸಿಗಳ ಗುಂಪಿಗೆ ಗ್ಯಾಲಕ್ಸಿ ಕ್ಲಸ್ಟರ್ ಅಂತಾರೆ. ಅದನ್ನ ತೂಗೋದು ಹೇಗೆ? ಅದರೊಳಗೆ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ತುಂಬಿದೆ, ಎಕ್ಸ್-ರೇ ಸೂಸುತ್ತೆ. ಆ ಅನಿಲ ಅಲುಗಾಡದೆ ನಿಂತಿದೆ, ಬಿಸಿಯ ಒತ್ತಡವೇ ಗುರುತ್ವವನ್ನ ತಡೆದಿದೆ ಅಂದ್ಕೊಂಡು ಲೆಕ್ಕ ಹಾಕ್ತಿದ್ರು. ಕಂಪ್ಯೂಟರ್ ಸಿಮ್ಯುಲೇಶನ್‌ಗಳು ಒಪ್ಪಲಿಲ್ಲ: ಅನಿಲ ಕಲಕ್ತಾ ಇರುತ್ತೆ, ನಿಮ್ಮ ತೂಕ ಕಡಿಮೆ ಬರುತ್ತೆ ಅಂದವು.

ಹಾಗಾದ್ರೆ ಕಲಕಾಟದ ವೇಗವನ್ನೇ ಅಳೆಯಬೇಕು. ಜಪಾನ್ 2000ದಲ್ಲಿ ಉಪಕರಣ ಕಳಿಸಿತು, ರಾಕೆಟ್ ಕೈಕೊಟ್ಟಿತು. 2005ರಲ್ಲಿ ಮತ್ತೊಂದು; ಅದನ್ನ ತಣ್ಣಗಿಡುವ ಹೀಲಿಯಂ ಖಾಲಿಯಾಯ್ತು. 2016ರ ಫೆಬ್ರವರಿ 17ರಂದು ಮೂರನೆಯದು, ಹಿಟೊಮಿ. ಜಪಾನಿ ಭಾಷೆಯಲ್ಲಿ ಕಣ್ಣಪಾಪೆ ಅಂತ ಅರ್ಥ.

ಅದು ಪರ್ಸಿಯಸ್ ಕ್ಲಸ್ಟರ್‌ನ ನಡುಭಾಗ ನೋಡಿತು. ಕಲಕಾಟ ಸೆಕೆಂಡಿಗೆ ಸುಮಾರು 164 ಕಿ.ಮೀ. ನಮಗೆ ಭಯಂಕರ, ಅಲ್ಲಿಗೆ ಬಲು ನಿಧಾನ: ಅದರ ಒತ್ತಡ ಬಿಸಿಯ ಒತ್ತಡದ ಶೇ. 4 ಅಷ್ಟೇ. ಅದೂ ದೈತ್ಯ ಕಪ್ಪುಕುಳಿಯೊಂದು ಅನಿಲವನ್ನ ಕೆದಕ್ತಾ ಇರೋ ಜಾಗದಲ್ಲಿ! ಹಳೇ ಲೆಕ್ಕದ ಮಾನ ಅಲ್ಲಿ ಸ್ವಲ್ಪ ಉಳೀತು ಅನ್ನಿ.

ಮಾರ್ಚ್ 26ರಂದು ಹಿಟೊಮಿ, ತಿರುಗದೇ ಇದ್ದರೂ ತಿರುಗ್ತಿದ್ದೀನಿ ಅಂತ ತಪ್ಪು ತಿಳಿದು, ತಡೆಯೋಕೆ ಹೋಗಿ ನಿಜಕ್ಕೂ ಗಿರಗಿರ ತಿರುಗಿ ಮುರಿದುಹೋಯ್ತು. ಸಿಮ್ಯುಲೇಶನ್‌ಗಳ ಪ್ರಕಾರ ಕಲಕಾಟ ಹೆಚ್ಚೋದು ಅಂಚಿನಲ್ಲಿ. ಅಲ್ಲಿಗೆ ಅದು ಕಣ್ಣು ಹಾಯಿಸಲೇ ಇಲ್ಲ. ಅದೇ ಬಗೆಯ ಉಪಕರಣ ಹೊತ್ತ ಕ್ರಿಸಂ 2023ರ ಸೆಪ್ಟೆಂಬರ್‌ನಲ್ಲಿ ಹೊರಟಿತು.