ಕರೆದಾಗ ಬರುವ ಜತೆಗಾರ

1990ರ ದಶಕದ ಕೊನೆಯ ವರ್ಷಗಳಲ್ಲಿ ಮುಂಬೈಯ ಘಾಟ್‌ಕೋಪರ್, ವಿಕ್ರೋಳಿ, ಭಾಂಡುಪ್‌ನಂಥ ಉಪನಗರಗಳ ಹುಡುಗರಿಗೆ ಶಾಲೆ ಬಿಟ್ಟ ಮೇಲಿನ ಗಮ್ಯ ಒಂದೇ: ವಿಡಿಯೊ ಗೇಮ್ ಪಾರ್ಲರ್. ಗೋದ್ರೇಜ್ ಕಾರ್ಖಾನೆಯ ಕಾರ್ಮಿಕರ ಮಕ್ಕಳು, ಟಾಗೋರ್ ನಗರ, ಕನ್ನಮ್‌ವಾರ್ ನಗರದ ಚಿಕ್ಕ ಮನೆಗಳ ಮಕ್ಕಳು, ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಬಂದು ನೆಲೆ ನಿಂತ ಕನ್ನಡ-ತುಳು ಸಂಸಾರಗಳ ಮಕ್ಕಳು ಎಲ್ಲರೂ ಒಂದು ರೂಪಾಯಿ, ಎರಡು ರೂಪಾಯಿಯ ನಾಣ್ಯ ಹಿಡಿದು ಒಂದೇ ಮಷಿನ್ನಿನ ಸುತ್ತ ನಿಲ್ಲುತ್ತಿದ್ದ ಕಾಲ ಅದು. ಗೆದ್ದವನು ಆಟ ಮುಂದುವರಿಸುತ್ತಾನೆ, ಸೋತವನು ಮುಂದಿನವನಿಗೆ ಜಾಗ ಬಿಡುತ್ತಾನೆ. ಇದಕ್ಕಿಂತ ಹೆಚ್ಚಿನ ಕಾನೂನು ಅಲ್ಲಿರಲಿಲ್ಲ.

ಅಲ್ಲಿ ಮೆರೆದದ್ದು ಮುಖ್ಯವಾಗಿ ಎರಡು ಆಟ. ಮೊದಲನೆಯದು ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್'. ಭಾರತದಲ್ಲಿ ಆ ಹೆಸರು ಯಾರಿಗೂ ಬೇಕಾಗಲಿಲ್ಲ. ಅದರೊಳಗಿನ ಒಂದು ಪಾತ್ರದ ಹೆಸರೇ ಆಟದ ಹೆಸರಾಗಿ 'ಮುಸ್ತಫಾ' ಎಂದಾಯಿತು. ಎರಡನೆಯದು ಎಸ್‌ಎನ್‌ಕೆ ಕಂಪನಿಯ 'ಕಿಂಗ್ ಆಫ್ ಫೈಟರ್ಸ್ 97'. ಮುಸ್ತಫಾದಲ್ಲಿ ನೆರವು ಎಂದರೆ ಪಕ್ಕದಲ್ಲಿ ನಿಂತ ಗೆಳೆಯ, ಅವನ ನಾಣ್ಯ, ಅವನ ಕೈ. ಕಿಂಗ್ ಆಫ್ ಫೈಟರ್ಸ್‌ನಲ್ಲಿ ಆಟಗಾರನ ಹಿಂದೆ ಮೂವರ ತಂಡವಿರುತ್ತದೆ, ಆದರೆ ಕಾದಾಡುವುದು ಒಬ್ಬೊಬ್ಬರೇ. ಕ್ಯೊ ಬಿದ್ದ ಮೇಲೆ ಇಯೊರಿ, ಇಯೊರಿ ಬಿದ್ದ ಮೇಲೆ ಮೂರನೆಯವನು.

ಈ ಎರಡರ ನಡುವೆ ಇನ್ನೊಂದು ಬಗೆಯ ನೆರವು ಇದೆ. ಕಾದಾಟದ ಮಧ್ಯೆ ಒಂದು ಗುಂಡಿ ಒತ್ತಿದರೆ ತಂಡದ ಇನ್ನೊಬ್ಬ ಕ್ಷಣಮಾತ್ರ ಹಾರಿ ಬಂದು, ಒಂದು ಪೆಟ್ಟು ಕೊಟ್ಟು, ಮಾಯವಾಗುತ್ತಾನೆ. ಅವನನ್ನು ಆಟಗಾರರು 'ಅಸಿಸ್ಟ್' ಎನ್ನುತ್ತಾರೆ. ಅವನು ಹುಟ್ಟಿ ಬೆಳೆದದ್ದು ಇದೇ ದಶಕದಲ್ಲಿ. ಮುಂಬೈಯ ಪಾರ್ಲರುಗಳಲ್ಲಿ ಮಾತ್ರ ಅವನಿಗೆ ಮುಸ್ತಫಾನ ಅಥವಾ ಇಯೊರಿಯ ಖ್ಯಾತಿ ಎಂದೂ ಸಿಗಲಿಲ್ಲ.

ಅಸಿಸ್ಟ್ ಯಾಕೆ ಬೇಕು? ಇಂಥ ಆಟಗಳಲ್ಲಿ ಪ್ರತಿ ಪಾತ್ರಕ್ಕೂ ಕೆಲವು ವಿಶೇಷ ಪಟ್ಟುಗಳಿರುತ್ತವೆ. ಜಾಯ್‌ಸ್ಟಿಕ್ಕನ್ನು ಕಾಲು ಸುತ್ತು ತಿರುಗಿಸಿ ಪಂಚ್ ಒತ್ತಿದರೆ ಬೆಂಕಿ, ಇನ್ನೊಂದು ಬಗೆಯಲ್ಲಿ ತಿರುಗಿಸಿದರೆ ಮೇಲೇಳುವ ಗುದ್ದು. ದೊಡ್ಡ ಪಟ್ಟು ಸಾಮಾನ್ಯವಾಗಿ ನಿಧಾನ. ಪರದೆ ಸೆಕೆಂಡಿಗೆ 60 ಚಿತ್ರಗಳಂತೆ ಓಡುವಾಗ ಪಟ್ಟು ಶುರುವಾಗಲು ಇಪ್ಪತ್ತು ಚಿತ್ರಗಳಷ್ಟು ಹೊತ್ತು ಹಿಡಿದರೂ ಎದುರಾಳಿ ಅದನ್ನು ಕಂಡು ಕೈ ಅಡ್ಡ ಹಿಡಿಯುತ್ತಾನೆ. ಅಡ್ಡ ಹಿಡಿದ ಮೇಲೆ ಹೊಡೆದವನೇ ಬಯಲಲ್ಲಿ ನಿಂತಂತೆ, ಮರುಪೆಟ್ಟು ಖಚಿತ. ಕಬಡ್ಡಿಯಲ್ಲಿ ಒಬ್ಬ ರೈಡರನ ಪಾದ ಹಿಡಿದಾಗಲೇ ಇನ್ನೊಬ್ಬ ನುಗ್ಗಿ ಸೊಂಟಕ್ಕೆ ಕೈಹಾಕುವಂತೆ, ಇಲ್ಲೂ ಒಬ್ಬ ಹಿಡಿದಿಟ್ಟರೆ ಮಾತ್ರ ಇನ್ನೊಬ್ಬನ ದೊಡ್ಡ ಪಟ್ಟು ಬೀಳುತ್ತದೆ.

ನೆರವಿನ ಮೊದಲ ರೂಪ ಕರುಣೆಯದು. 1994ರ ಮೊದಲ 'ಕಿಂಗ್ ಆಫ್ ಫೈಟರ್ಸ್'ನಲ್ಲಿ ತಂಡದ ಉಳಿದಿಬ್ಬರು ಹಿನ್ನೆಲೆಯಲ್ಲಿ ನಿಂತು ನೋಡುತ್ತಿರುತ್ತಾರೆ. ತಮ್ಮವನು ತಲೆತಿರುಗಿ ನಿಂತಾಗಲೋ ಎದುರಾಳಿಯ ಹಿಡಿತಕ್ಕೆ ಸಿಕ್ಕಾಗಲೋ, ಮೂರು ಗುಂಡಿ ಒಟ್ಟಿಗೆ ಒತ್ತಿದರೆ, ಒಬ್ಬ ಹಾರಿ ಬಂದು ಬಿಡಿಸಬಹುದು. ಅದಕ್ಕೂ ಷರತ್ತುಗಳಿದ್ದವು. ಕಷ್ಟದಲ್ಲಿದ್ದವನನ್ನು ಕಾಪಾಡುವ ಈ ನೆರವನ್ನು ಮುಂಚಿತವಾಗಿ ಲೆಕ್ಕ ಹಾಕಿ ದಾಳಿಗೆ ಹೂಡುವ ಹಾಗಿರಲಿಲ್ಲ.

ಲೆಕ್ಕ ಶುರುವಾದದ್ದು ಕ್ಯಾಪ್‌ಕಾಮ್‌ನಲ್ಲಿ. 1996ರ 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್' ಇಬ್ಬರ ತಂಡವನ್ನು ತಂದಿತು. ಕಾದಾಟದ ನಡುವೆಯೇ ಒಬ್ಬನನ್ನು ಹೊರಗೆ ಕಳಿಸಿ ಇನ್ನೊಬ್ಬನನ್ನು ಕರೆಯಬಹುದಿತ್ತು. ಮರುವರ್ಷದ 'ಮಾರ್ವೆಲ್ ಸೂಪರ್ ಹೀರೋಸ್ ವರ್ಸಸ್ ಸ್ಟ್ರೀಟ್ ಫೈಟರ್'ನಲ್ಲಿ ಜಾಗ ಬದಲಿಸದೆಯೇ ಜತೆಗಾರನನ್ನು ಒಂದು ಪೆಟ್ಟಿಗೆ ಕರೆಸುವ ಸೌಲಭ್ಯ ಬಂತು. 1998ರ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್' ಇದನ್ನೇ ಬೇರೊಂದು ದಾರಿಗೆ ಹಚ್ಚಿತು: ಇಬ್ಬರು ಕಾದಾಡುವವರ ಜತೆಗೆ, ಕೆಲವೇ ಸಲ ಕರೆಯಬಹುದಾದ ಒಬ್ಬ ಅತಿಥಿ. ಆ ಅತಿಥಿಯನ್ನು ಆರಿಸುತ್ತಿದ್ದದ್ದು ಮಾತ್ರ ಗಿರಗಿರನೆ ತಿರುಗುವ ಚಿತ್ರಚಕ್ರ. ಗುಟ್ಟಿನ ಗುಂಡಿಗಳನ್ನು ಬಲ್ಲವರನ್ನು ಬಿಟ್ಟರೆ ಉಳಿದವರಿಗೆ ಯಾರು ಸಿಗುತ್ತಾರೆನ್ನುವುದು ಅದೃಷ್ಟ.

ಅದೃಷ್ಟವೊ ಕೌಶಲವೊ ಎಂಬ ಇದೇ ಪ್ರಶ್ನೆ ಆ ಹೊತ್ತಿಗೆ ಭಾರತದ ನ್ಯಾಯಾಲಯಗಳನ್ನೂ ಮುಟ್ಟಿತ್ತು, ಅದೂ ಕರ್ನಾಟಕದಿಂದ. ವಿಡಿಯೊ ಗೇಮ್ ಪಾರ್ಲರುಗಳಿಗೆ ಪರವಾನಗಿ ಬೇಕೆನ್ನುವ ಬೆಂಗಳೂರಿನ 1989ರ ಆದೇಶವನ್ನು ಪಾರ್ಲರಿನವರು ಪ್ರಶ್ನಿಸಿದರು. 'ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ನಿಯಂತ್ರಣವನ್ನು ಎತ್ತಿಹಿಡಿಯಿತು. ಕೋರ್ಟಿನ ಮುಂದಿದ್ದದ್ದು ಹೆಚ್ಚಾಗಿ ಹಣ ಕಟ್ಟುವ ಬಗೆಯ ಮಷಿನ್ನುಗಳು, ಕಾದಾಟದ ಆಟಗಳಲ್ಲ. ಆದರೂ ಪಾರ್ಲರ್ ಎಂದರೆ ಜೂಜಿನ ಅಡ್ಡೆ ಎನ್ನುವ ಅನುಮಾನ ಎಲ್ಲ ಮಷಿನ್ನುಗಳಿಗೂ ಅಂಟಿಕೊಂಡಿತು. ಪಾರ್ಲರಿಗೆ ಹೋಗಿ ಮನೆಯಲ್ಲಿ ಏಟು ತಿಂದ ಆ ಕಾಲದ ಹುಡುಗರಿಗೆ ಈ ಅನುಮಾನದ ಬಿಸಿ ಚೆನ್ನಾಗಿ ಗೊತ್ತು. ಅದು ಅನ್ಯಾಯವಾಗಿತ್ತೆಂದು ಹೇಳಲೇಬೇಕು, ಏಕೆಂದರೆ ಅದೇ ವರ್ಷಗಳಲ್ಲಿ ಈ ಆಟಗಳು ಅದೃಷ್ಟವನ್ನು ಒಂದೊಂದಾಗಿ ಕಳಚಿಹಾಕುತ್ತಿದ್ದವು.

ಪೂರ್ತಿ ಕಳಚಿದ್ದು 2000ದ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2'. 56 ಪಾತ್ರಗಳು, ಮೂವರ ತಂಡ, ಹೊಡೆಯಲು ನಾಲ್ಕು ಗುಂಡಿ, ಅಸಿಸ್ಟ್‌ಗಳನ್ನು ಕರೆಯಲೆಂದೇ ಎರಡು ಗುಂಡಿ. ಪ್ರತಿ ಪಾತ್ರಕ್ಕೂ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ ಅಸಿಸ್ಟ್. ಯಾವುದು ಬೇಕೆಂದು ಕಾದಾಟಕ್ಕೆ ಮೊದಲೇ ಆಟಗಾರ ಆರಿಸಬೇಕು. ಹೀಗಾಗಿ ಪಾತ್ರದ ಬೆಲೆ ಕಟ್ಟುವ ರೀತಿಯೇ ಬದಲಾಯಿತು. ಕ್ಯಾಪ್ಟನ್ ಕಮಾಂಡೊ ತಾನೇ ಕಾದಾಡಿದರೆ ಸಾಧಾರಣ. ಅಸಿಸ್ಟ್ ಆಗಿ ಬಂದಾಗ ನೆಲದಿಂದ ಪರದೆಯ ತುದಿಯವರೆಗೆ ಮಿಂಚಿನ ಕಂಬ ನಿಲ್ಲಿಸುತ್ತಾನೆ. ಹಾರಿ ಬಂದವನು ಅದಕ್ಕೆ ಸಿಕ್ಕಿ ನಿಲ್ಲುತ್ತಾನೆ, ಅಷ್ಟರಲ್ಲಿ ಜತೆಯವನ ದೊಡ್ಡ ಪಟ್ಟು ಸಿದ್ಧವಾಗುತ್ತದೆ. ಸೈಲಾಕ್ ತಿರುಗುತ್ತ ಮೇಲೆದ್ದು ಎದುರಾಳಿಯನ್ನು ಗಾಳಿಗೆ ಎತ್ತಿಕೊಟ್ಟರೆ ಮ್ಯಾಗ್ನೆಟೊ ಅಲ್ಲಿಂದ ತನ್ನ ಹೊಡೆತಗಳ ಸರಮಾಲೆ ಶುರು ಮಾಡುತ್ತಾನೆ.

ಎಲ್ಲಕ್ಕಿಂತ ಸೊಗಸಾದ ಜೋಡಿ ಸ್ಟ್ರೈಡರ್ ಮತ್ತು ಡಾಕ್ಟರ್ ಡೂಮ್. ಸ್ಟ್ರೈಡರ್‌ನ 'ಊರೊಬೊರೊಸ್' ಪಟ್ಟು ಅವನ ಸುತ್ತ ಸುತ್ತುವ ಎರಡು ಯಂತ್ರಗೋಲಗಳನ್ನು ಎಬ್ಬಿಸುತ್ತದೆ. ಪ್ರತಿ ಗುಂಡಿಗೂ ಅವು ಗುಂಡು ಹಾರಿಸುತ್ತವೆ. ಅದು ಮುಗಿಯುವ ಹೊತ್ತಿಗೆ ಡೂಮ್ ಬಂದು ತನ್ನ ಸುತ್ತ ಕಲ್ಲುಗಳ ಸುಳಿ ಎಬ್ಬಿಸಿ ಎದುರಾಳಿ ಅಡ್ಡ ಹಿಡಿದ ಕೈ ಇಳಿಸದಂತೆ ನೋಡಿಕೊಳ್ಳುತ್ತಾನೆ. ಆ ಬಿಡುವಿನಲ್ಲಿ ಸ್ಟ್ರೈಡರ್ ಮತ್ತೆ ಊರೊಬೊರೊಸ್ ಎಬ್ಬಿಸುತ್ತಾನೆ. ಮೂಲೆಗೆ ಸಿಕ್ಕವನ ಜೀವ ಅಡ್ಡ ಹಿಡಿದುಕೊಂಡೇ ಚೂರುಚೂರಾಗಿ ಕರಗುತ್ತದೆ. ಒಂದು ಗುಂಡಿ ಅರೆಕ್ಷಣ ಬೇಗ ಅಥವಾ ತಡವಾಗಿ ಒತ್ತಿದರೆ ಬಲೆ ಹರಿಯುತ್ತದೆ.

ಅಪಾಯವೂ ಅಷ್ಟೇ. ಅಸಿಸ್ಟ್ ಪರದೆಯ ಮೇಲಿರುವಷ್ಟು ಹೊತ್ತು ಅವನಿಗೂ ಪೆಟ್ಟು ಬೀಳುತ್ತದೆ, ತನ್ನನ್ನು ಕಾಪಾಡಿಕೊಳ್ಳಲು ಅವನಿಗೆ ಬರುವುದಿಲ್ಲ. ಕರೆದವನೂ ಬಂದವನೂ ಒಂದೇ ಪಟ್ಟಿಗೆ ಸಿಕ್ಕಿಬಿದ್ದರೆ ಹೊಡೆದವನಿಗೆ ಹಬ್ಬ. ಮುಂದೆ ಆಟಗಾರರು ಇದಕ್ಕೆ 'ಹ್ಯಾಪಿ ಬರ್ತ್‌ಡೇ' ಎಂದೇ ಹೆಸರಿಟ್ಟರು. ಆದ್ದರಿಂದ ಅಸಿಸ್ಟ್ ಗುಂಡಿ ಒತ್ತುವುದು ಸೋಮಾರಿಯ ಕೆಲಸವೆಂಬ ಹಳೆಯ ದೂರು ನಿಲ್ಲುವುದಿಲ್ಲ. ಒಂದೇ ಕೈಯಲ್ಲಿ ಇಬ್ಬರ ದೇಹ, ಇಬ್ಬರ ಕಾಲಲೆಕ್ಕ ಇಟ್ಟುಕೊಳ್ಳುವುದು ಈ ಆಟಗಳ ಅತಿ ಕಠಿಣ ವಿದ್ಯೆ. ಅಮೆರಿಕದ 'ಇವೊ' ಪಂದ್ಯಾವಳಿಯಲ್ಲಿ ನ್ಯೂಯಾರ್ಕಿನ ಜಸ್ಟಿನ್ ವಾಂಗ್ ಹಲವು ಸಲ ಗೆದ್ದದ್ದು ಈ ಲೆಕ್ಕದ ಬಲದಿಂದ. ಸ್ಟಾರ್ಮ್, ಸೆಂಟಿನೆಲ್ ಮುಂದೆ ಕಾದಾಡುತ್ತಿದ್ದರೆ, ಹಾರಿ ಬಂದವರನ್ನು ಕೆಡವಲು ಅವರ ಹಿಂದೆ ಸೈಕ್ಲಾಪ್ಸ್ ಇರುತ್ತಿದ್ದ.

ಎಸ್‌ಎನ್‌ಕೆ ಇದೇ ಹಾದಿಯಲ್ಲಿ ಎಡವಿತು. 'ಕಿಂಗ್ ಆಫ್ ಫೈಟರ್ಸ್ 99' ನಾಲ್ಕನೆಯವನನ್ನು ತಂಡಕ್ಕೆ ಸೇರಿಸಿ 'ಸ್ಟ್ರೈಕರ್' ಎಂದಿತು. 2000ದ ಆವೃತ್ತಿಯಲ್ಲಿ ಸ್ಟ್ರೈಕರ್‌ಗಳ ಸಂಖ್ಯೆ ಬೆಳೆದು, ಕೊನೆಯೇ ಇಲ್ಲದ ಹೊಡೆತಗಳ ಸರಣಿಗೆ ದಾರಿಯಾಯಿತು. ಅದರ ಮರುವರ್ಷವೇ ಕಂಪನಿ ದಿವಾಳಿ. 2002ರ ಆವೃತ್ತಿ ಸ್ಟ್ರೈಕರ್‌ಗಳನ್ನು ತೆಗೆದುಹಾಕಿ 97ರ ಹಳೆಯ ರೀತಿಗೆ ಮರಳಿತು.

ಮನೆಗೆ ಬಂದ ಆಟಗಳ ಕತೆ ಇನ್ನೂ ವಿಚಿತ್ರ. 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್' ಜಪಾನಿನ ಸೆಗಾ ಸ್ಯಾಟರ್ನ್‌ಗೆ ಇಳಿದಾಗ 4 ಎಂಬಿಯ ಹೆಚ್ಚುವರಿ ಕಾರ್ಟ್ರಿಜ್ ಜತೆಗಿತ್ತು, ಆಟ ಪೂರ್ತಿ ಉಳಿಯಿತು. ಪ್ಲೇಸ್ಟೇಷನ್ನಿನ ಮುಖ್ಯ ಸ್ಮೃತಿ ಕೇವಲ 2 ಎಂಬಿ. ನಾಲ್ಕು ಪಾತ್ರಗಳ ಚಿತ್ರಗಳು ಅದರಲ್ಲಿ ಹಿಡಿಸದೆ, ಕಾದಾಟದ ನಡುವೆ ಜಾಗ ಬದಲಿಸುವುದನ್ನೇ ಕೈಬಿಡಲಾಯಿತು. ಎರಡನೆಯವನು ಬರೀ ಅಸಿಸ್ಟ್ ಆಗಿ ಉಳಿದ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಂದ ಪ್ಲೇಸ್ಟೇಷನ್ ಮತ್ತು ನಕಲಿ ಸಿ.ಡಿ.ಗಳು ಮುಂಬೈಯ ಮನೆಗಳಿಗೆ ಹರಿದ ಆ ವರ್ಷಗಳಲ್ಲಿ ಈ ಆಟವನ್ನು ಪ್ಲೇಸ್ಟೇಷನ್ನಿನಲ್ಲೇ ಮೊದಲು ಕಂಡವರಿಗೆ ಗೊತ್ತಿದ್ದದ್ದು ಈ ಕುಗ್ಗಿದ ಜತೆಗಾರ.

ಪಾರ್ಲರ್ ಮಾಲೀಕನಿಗೆ ಬೇರೆ ಲೆಕ್ಕ. ಎಸ್‌ಎನ್‌ಕೆಯ ನಿಯೊ ಜಿಯೊ ಮಷಿನ್ನಿನಲ್ಲಿ ಪೆಟ್ಟಿಗೆ ಹಾಗೇ ಇಟ್ಟುಕೊಂಡು ಕಾರ್ಟ್ರಿಜ್ ಮಾತ್ರ ಬದಲಿಸಿದರೆ ಹೊಸ ಆಟ ಸಿದ್ಧ. ಹುಡುಗರು 97ನ್ನೇ ಕೇಳುತ್ತಿರುವಾಗ ಅದನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ.

'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2' 2013ರ ಕೊನೆಗೆ ಆನ್‌ಲೈನ್ ಮಾರಾಟದಿಂದ ಮರೆಯಾಯಿತು. 2018ರ 'ಡ್ರ್ಯಾಗನ್ ಬಾಲ್ ಫೈಟರ್‌ಝೀ' ಪ್ರತಿ ಪಾತ್ರಕ್ಕೆ ಒಂದೇ ಅಸಿಸ್ಟ್ ಕೊಟ್ಟು ಶುರುವಾಗಿ, 2020ರಲ್ಲಿ ಎ, ಬಿ, ಸಿ ಎಂದು ಮೂರಕ್ಕೆ ಏರಿತು. ಇಪ್ಪತ್ತು ವರ್ಷ ಹಳೆಯ ಆಲ್ಫಾ-ಬೀಟಾ-ಗಾಮಾ ಲೆಕ್ಕವೇ ಸರಿಯೆಂದು ಒಪ್ಪಿಕೊಂಡ ಹಾಗೆ. 2024ರಲ್ಲಿ ಕ್ಯಾಪ್‌ಕಾಮ್ ಹಳೆಯ ಮಾರ್ವೆಲ್ ಆಟಗಳನ್ನೆಲ್ಲ ಒಂದೇ ಸಂಪುಟವಾಗಿ ಮತ್ತೆ ಹೊರತಂದಿತು. ದೂರದ ಇಬ್ಬರು ಅಂತರ್ಜಾಲದಲ್ಲಿ ಆಡುವಾಗ ಗುಂಡಿಯ ಒತ್ತು ತಡವಾಗದಂತೆ ನೋಡಿಕೊಳ್ಳುವ 'ರೋಲ್‌ಬ್ಯಾಕ್' ತಂತ್ರವೂ ಅದರಲ್ಲಿದೆ. ಇವೊ ಸ್ಥಾಪಕರಲ್ಲೊಬ್ಬರಾದ ಟೋನಿ ಕ್ಯಾನನ್ ಕಾದಾಟದ ಆಟಗಳಿಗೆ ಅಂಥದ್ದೊಂದನ್ನು 2006ರ ಸುಮಾರಿಗೆ ರೂಪಿಸಿದ್ದರು. ಸ್ಟ್ರೈಡರ್ ಮತ್ತು ಡೂಮ್‌ನ ಬಲೆ ಹೆಣೆಯುವುದನ್ನು ವಿಕ್ರೋಳಿಯ ಹುಡುಗಿಯೊಬ್ಬಳು ಇಂದು ಮನೆಯಲ್ಲೇ ಕುಳಿತು ಅಭ್ಯಾಸ ಮಾಡಬಹುದು, ಎದುರಾಳಿ ಮಂಗಳೂರಿನಲ್ಲಿದ್ದರೂ.